ಕಡ್ಡಿಯ ಮೇಲಿನ ಎರಡು ಗೀಟು

ಪಕ್ಕದ ಸೈಟಿನಲ್ಲಿ ತಾರಸಿ ಹಾಕುವ ತಯಾರಿ ನಡೆದಿದೆ. ಕಾಂಕ್ರೀಟು ಅಂಟದಿರಲೆಂದು ಸೆಂಟ್ರಿಂಗ್ ಶೀಟುಗಳಿಗೆ ಕರಿ ಆಯಿಲ್ ಬಳಿಯುತ್ತಿದ್ದಾರೆ. ಎಂಜಿನ್ನಿನಲ್ಲಿ ದುಡಿದು ಕಪ್ಪಾದ ಆಯಿಲ್‌ಗೆ ಒಂದು ವಾಸನೆಯಿದೆ, ಸೀದ ಬಾಣಲೆಯ ಹಾಗೆ. ಅದೆಲ್ಲಿ ನಮ್ಮ ಕಾಂಪೌಂಡಿಗೆ ಸಿಡಿಯುತ್ತದೋ ಎಂಬ ಅನುಮಾನದಿಂದ ಬೆಳಿಗ್ಗೆ ನಾಲ್ಕು ಸಲ ಹೊರಗೆ ಬಂದೆ. ನಾಲ್ಕನೆಯ ಸಲ ಬಂದಾಗ ನಮ್ಮ ಡ್ರೈವರಣ್ಣ ನೆನಪಾದರು...

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಯಲಹಂಕದಲ್ಲಿ ಹಂಚು, ಶೀಟು, ಬಣ್ಣ ಮಾರುವ ಅಂಗಡಿ ಇಟ್ಟಿದ್ದೆ. ಸಾಮಾನು ಸಾಗಿಸಲು ಜಾಲಹಳ್ಳಿಯ ಕಡೆ ಹರಾಜಿನಲ್ಲಿ ಹಿಡಿದ ಹಳೆಯ ಪಿಕಪ್ ಇತ್ತು. ಅದನ್ನು ಓಡಿಸಲು ಅವರು ಚಿಕ್ಕಜಾಲದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಚಪ್ಪಲಿ ಬಿಟ್ಟೇ ಗಾಡಿ ಹತ್ತುತ್ತಿದ್ದರು. ನಾನೋ, ಅಂಗಡಿಗೆ ಬೀಗ ಹಾಕಿ ಅರ್ಧ ದಾರಿಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುವ ಜಾತಿ.

ಗಾಡಿ ರಾತ್ರಿ ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಕೆರೆಯ ಕಡೆ ಇಳಿಯುವ ಬೀದಿ ನಮ್ಮದು. "ಹಳೇ ಗಾಡಿ ಆಯಿಲ್ ಕುಡಿಯುತ್ತೆ, ಹುಷಾರು" ಎಂದು ಯಾರೋ ಗಿರಾಕಿ ಹೇಳಿ ಹೋದ ಮಾರನೆಯ ಬೆಳಿಗ್ಗೆಯೇ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಕಡ್ಡಿಯ ಮೇಲೆ ಎರಡು ಗೀಟು. ಆಯಿಲ್ ಮೇಲಿನ ಗೀಟಿನ ಹತ್ತಿರ ಇರಬೇಕು, ಕೆಳಗಿನದಕ್ಕಿಂತ ಇಳಿಯಬಾರದು. ಇಳಿದಿತ್ತು. ಮೇಲಿನ ಗೀಟಿನವರೆಗೆ ಹೊಸ ಆಯಿಲ್ ತುಂಬಿದೆ. ಮರುದಿನ ನೋಡಿದರೆ ಮತ್ತೆ ಕೆಳಗೆ. ಅದರ ಮರುದಿನವೂ ಅಷ್ಟೆ.

ಗಾಡಿಯಡಿ ಹಳೆಯ ಪೇಪರ್ ಹಾಸಿದೆ, ಒಂದು ಹನಿ ಬೀಳಲಿಲ್ಲ. ಯಶವಂತಪುರದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಕೆಳಗೆ ತೂರಿ, ಸೈಲೆನ್ಸರಿನೊಳಗೆ ಬೆರಳು ಸವರಿ ನೋಡಿದ. ಕಡ್ಡಿಗೆ ಕೈ ಹಾಕಿದಾಗ ಮಾತ್ರ "ಅದನ್ನ ನಾನೇ ದಿನಾ ನೋಡ್ತೀನಪ್ಪ" ಎಂದು ತಡೆದೆ. "ಎಲ್ಲೂ ಸೋರ್ತಿಲ್ಲ, ಅಷ್ಟೊಂದು ಸುಡ್ತಾನೂ ಇಲ್ಲ. ಗಾಡಿಗೇನೂ ಕಾಯಿಲೆ ಇಲ್ಲ ಸಾರ್, ಯಾರಾದ್ರೂ ಕೈ ಆಡಿಸ್ತಿದ್ದಾರಾ ನೋಡಿ" ಎಂದು ನಕ್ಕ. ತಮಾಷೆಗೆ ಅಂದಿರಬೇಕು. ನನಗೆ ಅಷ್ಟು ಸಾಕಾಯಿತು.

ಡ್ರೈವರಣ್ಣನಿಗೆ ಏನೂ ಹೇಳಲಿಲ್ಲ. ಹೇಳಿದರೆ ಕಳ್ಳ ಎಚ್ಚರವಾಗುತ್ತಾನಲ್ಲ. ಅವರು ಬರುವ ಮೊದಲೇ ಆಯಿಲ್ ತುಂಬಿ, ಕೈ ತೊಳೆದು, ಕಾಫಿ ಲೋಟ ಹಿಡಿದು ಏನೂ ಅರಿಯದವನಂತೆ ಜಗಲಿಯಲ್ಲಿ ಕೂರುತ್ತಿದ್ದೆ. ಅವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ... ಅವರ ಸೈಕಲ್ ಚೈನು ಎಣ್ಣೆ ಹಚ್ಚಿಕೊಂಡು ಹೊಳೆಯುತ್ತಿದ್ದದ್ದು ಕೂಡ ನನ್ನ ಲೆಕ್ಕದಲ್ಲಿ ಸಾಕ್ಷಿಯೇ.

ಆಮೇಲೆ ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಆರ್.ಟಿ. ನಗರದಲ್ಲಿ ಮನೆಗಳು ಏಳುತ್ತಿದ್ದ ಕಾಲ. ಕರಿ ಆಯಿಲ್ ಬೇಕಾದವರು ಅಲ್ಲಿ ಬೇಕಾದಷ್ಟಿದ್ದರು. ನಾವು ಸಾಮಾನು ಇಳಿಸುತ್ತಿದ್ದ ಕಟ್ಟಡದ ಸೆಂಟ್ರಿಂಗ್ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದೆ.

"ನಮ್ಮ ಡ್ರೈವರ್ ನಿನಗೇನಾದ್ರೂ ಆಯಿಲ್ ಕೊಡ್ತಾರಾ?"

"ಇಲ್ವಲ್ಲ ಸಾರ್. ಯಾಕೆ, ಹೊಡೀತಾನಾ?"

"ಹಂಗೇನಿಲ್ಲ" ಎಂದೆ. ಹಾಗೇ ಇದೆ ಎಂದು ಕೇಳಿಸುವಂತೆ ಎಂದೆ. ವಾರದೊಳಗೆ ಆ ಕಟ್ಟಡದಲ್ಲಿ ಅವರಿಗೆ ಆಯಿಲ್ ಕಳ್ಳ ಎಂಬ ಹೆಸರು ಬಿದ್ದಿತ್ತು. ಅವರು ಒಳಗೆ ಬಂದರೆ ಕೆಲಸದವರು ಡಬ್ಬಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಹತ್ತನೆಯದೋ ಹನ್ನೆರಡನೆಯದೋ ದಿನ, ಮಧ್ಯಾಹ್ನದ ಊಟ ಬಿಟ್ಟು ಅಂಗಡಿಯ ಹಿಂದಿನ ಅಂಗಳಕ್ಕೆ ಮೆಲ್ಲಗೆ ಹೋದೆ. ಡ್ರೈವರಣ್ಣ ಗಾಡಿಯಡಿ ಅಂಗಾತ ಮಲಗಿ, ಎಂಜಿನ್ನಿನ ತಳದ ಬೋಲ್ಟು ಸಡಿಲಿಸಿ, ಆಯಿಲನ್ನು ಡಬ್ಬಕ್ಕೆ ಇಳಿಸುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ಸಮಾಧಾನವಾಯಿತು. ಜನ್ಮದಲ್ಲಿ ಒಂದು ಅನುಮಾನವಾದರೂ ನಿಜವಾಯಿತಲ್ಲ.

"ಏನ್ ಡ್ರೈವರಣ್ಣ ಇದು?"

ಅವರು ಗಾಬರಿಯಾಗಲಿಲ್ಲ. ಬೋಲ್ಟು ಬಿಗಿದು ಹೊರಗೆ ಬಂದರು. "ದಿನಾ ಯಾರೋ ಆಯಿಲ್ ಜಾಸ್ತಿ ಆಕ್ತಾವ್ರೆ ಸಾರ್. ಮೇಲ್ಗೀಟು ದಾಟಿ ನಿಂತಿರ್ತದೆ, ನೀಲಿ ಒಗೆ ಬತ್ತದೆ. ತೆಗೀದೆ ಓಡ್ಸುದ್ರೆ ಇಂಜಿನ್ ಕೆಡ್ತದೆ."

"ಜಾಸ್ತಿನಾ? ನಂಗ್ಯಾಕೆ ಹೇಳ್ಲಿಲ್ಲ?"

"ಇಂಜಿನ್ ಕೆಡ್ಸಿ, ನನ್ ಮ್ಯಾಲೆ ಆಕಿ, ಕೆಲ್ಸದಿಂದ ಬಿಡುಸ್ಬೇಕು ಅಂತವ್ರೆ ಅಂದ್ಕಂಡೆ." ಯಾರು ಎಂದು ಹೇಳಲಿಲ್ಲ. ನನ್ನ ಮುಖವನ್ನೇ ನೋಡಿದರು. "ಅದ್ಕೇ ಸುಮ್ಕಿದ್ದೆ."

ಗೋಡೆಗೆ ಒರಗಿಸಿದ್ದ ಶೀಟು ಸರಿಸಿದರು. ಅಷ್ಟು ದಿನ ಇಳಿಸಿದ ಆಯಿಲೆಲ್ಲ ಡಬ್ಬಗಳಲ್ಲಿ, ಮುಚ್ಚಳ ಬಿಗಿದು, ಸಾಲಾಗಿ ಕೂತಿತ್ತು. ಸುರಿಯುತ್ತಿದ್ದವನು ನಾನೇ ಎಂದು ಒಪ್ಪಿಕೊಂಡೆ. ಕಡ್ಡಿ ಎಲ್ಲಿ ನೋಡಿದ್ದು ಎಂದು ಅವರು ಕೇಳಿದರು, ಮನೆಯ ಮುಂದೆ ಎಂದೆ. ಮೊದಲು ಅಲ್ಲೇ ಕಡ್ಡಿ ಅದ್ದಿ ತೋರಿಸಿದರು, ಆಯಿಲ್ ಮೇಲಿನ ಗೀಟಿಗೆ ಸರಿಯಾಗಿತ್ತು. ಆಮೇಲೆ ನನ್ನನ್ನು ಕೂರಿಸಿಕೊಂಡು ಮನೆಯ ಹತ್ತಿರ ಹೋಗಿ, ಎಂದಿನಂತೆ ಗಾಡಿಯ ಮೂತಿ ಏರಿನ ಕಡೆ ಮಾಡಿ ನಿಲ್ಲಿಸಿದರು. ಸ್ವಲ್ಪ ಕಾದು ಕಡ್ಡಿ ಎಳೆದರು. ಅದೇ ಆಯಿಲ್ ಕೆಳಗಿನ ಗೀಟಿಗಿಂತ ಕೆಳಗಿತ್ತು.

"ಇಳಿಜಾರು ಸಾರ್. ಆಯಿಲೆಲ್ಲ ಇಂದಕ್ಕೋಗಿ ನಿಂತ್ಕತದೆ, ಕಡ್ಡಿಗೆ ಸಿಕ್ಕಲ್ಲ. ಮಟ್ಟಸ ಜಾಗ್ದಲ್ಲಿ ನೋಡ್ಬೇಕು."

"ಆ ಕಟ್ಟಡದೋರಿಗೆ ನಾನೇ ಹೋಗಿ ಹೇಳ್ತೀನಿ ಡ್ರೈವರಣ್ಣ" ಎಂದೆ.

"ಏಳ್ಬುಡಿ ಸಾರ್. ಅಲ್ಲಿ ನೀರು ಕೇಳಾಕೂ ಒಂಥರಾ ಆಯ್ತದೆ."

ಹೇಳಲಿಲ್ಲ. ಹೇಳಬೇಕಾದರೆ ಇಳಿಜಾರಿನ ಕಥೆಯನ್ನೂ ಹೇಳಬೇಕಿತ್ತು, ಮೇಸ್ತ್ರಿ ನಗುತ್ತಿದ್ದ. ಇವತ್ತು, ನಾಳೆ... ಕಟ್ಟಡ ಮುಗಿಯಿತು, ಅವರೆಲ್ಲ ಬೇರೆ ಕಡೆ ಹೋದರು.

ಡ್ರೈವರಣ್ಣ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅಂದಿನಿಂದ ದಿನಾ ಅಂಗಡಿಗೆ ಬಂದ ಕೂಡಲೇ ಗಾಡಿಯನ್ನು ಮಟ್ಟಸದಲ್ಲಿ ನಿಲ್ಲಿಸಿ, ಕಡ್ಡಿ ಒರೆಸಿ, ಅದ್ದಿ ತೆಗೆದು, ಗಿರಾಕಿಗಳಿದ್ದರೂ ಸರಿಯೆ, ನನ್ನ ಮುಂದೆ ಹಿಡಿಯುತ್ತಿದ್ದರು. "ನೋಡ್ಬುಡಿ ಸಾರ್." ನೋಡದೆ ಸರಿ ಎಂದರೆ ಕದಲುತ್ತಿರಲಿಲ್ಲ. ಎರಡು ವರ್ಷ, ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನದವರೆಗೂ...

ಇವತ್ತು ಮಧ್ಯಾಹ್ನ ಪಕ್ಕದ ಸೈಟಿನ ಮೇಸ್ತ್ರಿ ಕಾಂಪೌಂಡಿನ ಆಚೆಯಿಂದ ನನ್ನ ಗುರುತು ಹಿಡಿದ. ಅವನೇ, ಆರ್.ಟಿ. ನಗರದವನು. ತಲೆ ನರೆತಿದೆ.

"ಸಾರ್, ನಿಮ್ ಆಯಿಲ್ ಕಳ್ಳ ಹೋಗ್ಬಿಟ್ನಂತಲ್ಲ ಹೋದ್ ತಿಂಗ್ಳು. ಚಿಕ್ಕಜಾಲದೋರು ಸಿಕ್ಕಿದ್ರು, ಹೇಳಿದ್ರು."

ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ, ಇಳಿಜಾರು, ಕಡ್ಡಿ, ಡಬ್ಬಗಳು. ನಾನು ಇಷ್ಟು ವರ್ಷ ಹೆದರಿದ್ದ ಆ ನಗು ಅವನಿಗೆ ಬರಲೇ ಇಲ್ಲ. ಬ್ರಷ್ಷನ್ನು ಡಬ್ಬದೊಳಗಿಟ್ಟ.

"ಆ ಬಿಲ್ಡಿಂಗ್ ಮುಗಿಯೋ ತನಕ ಬಂದಾಗೆಲ್ಲ ಕೇಳೋನು ಸಾರ್, 'ನಮ್ ಸಾರ್ ಬಂದಿದ್ರಾ, ಏನಾದ್ರೂ ಏಳುದ್ರಾ' ಅಂತ. ಇವನೇನು ಕೇಳ್ತಾನೆ ಅಂತ ನಮಗೆ ಗೊತ್ತಾಗ್ತಿರ್ಲಿಲ್ಲ."

ಸಂಜೆಯಾಗಿದೆ. ವಾಸನೆ ಇನ್ನೂ ಒಳಗೆ ಬರುತ್ತಿದೆ. ಕಾಂಪೌಂಡಿಗೆ ಆಯಿಲ್ ಸಿಡಿದಿದೆಯೋ ಇಲ್ಲವೋ, ನಾನು ಮತ್ತೆ ಎದ್ದು ನೋಡಲಿಲ್ಲ.