ಮೊದಲ ಪೆಟ್ಟಿಗೆಯ ಉಡಿ

ಮೊನ್ನೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ರತ್ನಾಗಿರಿಯಿಂದ ತರಿಸಿದ ಆಪೂಸ್ ಮಾವಿನಲ್ಲಿ ಒಂದು ಪೆಟ್ಟಿಗೆಯನ್ನು ನಮ್ಮ ಮನೆಗೂ ಕಳಿಸಿದರು. ಹುಲ್ಲು ಸರಿಸಿದರೆ ಹಣ್ಣುಗಳ ನಡುವೆ ಒಂದು ಮಾವಿನೆಲೆ. ಅರ್ಧ ಒಣಗಿ ಅಂಚು ಮುದುಡಿತ್ತು. ಬೇರೆ ಯಾರಾದರೂ ಅದನ್ನು ಕಸಕ್ಕೆ ಹಾಕಿ ಹಣ್ಣಿನ ಕಡೆಗೆ ಗಮನ ಕೊಡುತ್ತಿದ್ದರು. ನಾನು ಕೈ ಹಿಂದೆ ತೆಗೆದುಕೊಂಡೆ. ಅರವತ್ತು ದಾಟಿದ ಗೃಹಸ್ಥ ಒಂದು ಎಲೆಗೆ ಹೆದರುವುದು ಶೋಭೆಯಲ್ಲ ಎಂದು ನನಗೂ ಗೊತ್ತು. ಆದರೆ ಕಾಕಾ...

ಆಗ ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಕಾಗದಪತ್ರದ ಗುಮಾಸ್ತನಾಗಿದ್ದೆ. ಅಲ್ಲಿಂದ ಮಾವು ವಿದೇಶಕ್ಕೆ ಹೋಗುತ್ತಿತ್ತು. ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರು ವಿಜಯಪುರದ ಕಡೆಯವರು. ಮಾಲೀಕ ಸೇಠನನ್ನೂ ಸೇರಿಸಿ ಎಲ್ಲರ ಬಾಯಲ್ಲೂ ಅವರು ಕಾಕಾ. ಶೆಡ್ಡಿನ ಹಿಂದಿನ ಒಂದು ಖೋಲಿಯಲ್ಲೇ ಗಂಡ ಹೆಂಡತಿಯ ಸಂಸಾರ. ಕೆಲಸ ಇರುವವರೆಗೆ ಖೋಲಿ, ಅಷ್ಟೇ.

ಅಲ್ಲಿಯವರೆಗೆ ನಮ್ಮ ಹಣ್ಣೆಲ್ಲ ದುಬೈಗೆ ಹೋಗುತ್ತಿತ್ತು. ಆ ವರ್ಷ ಸೇಠ್ ಮೊದಲ ಬಾರಿಗೆ ದೂರದ ಒಂದು ದೇಶದ ಆರ್ಡರು ಹಿಡಿದ. ದುಬೈಯವರು ಹಣ್ಣು ತಿನ್ನುವ ಜನ, ಇವರು ಹಣ್ಣಿನ ವಿಚಾರಣೆ ನಡೆಸುವ ಜನ. ಹಣ್ಣಿಗೆ ಬಿಸಿನೀರಿನ ಸ್ನಾನವಾಗಬೇಕು. ನೀರು ಎಷ್ಟು ಬಿಸಿ, ಸ್ನಾನ ಎಷ್ಟು ಹೊತ್ತು ಎಂಬುದನ್ನು ಮೆಷೀನೇ ಬರೆದಿಡುತ್ತಿತ್ತು. ನಮ್ಮ ವಡಾಲದ ಚಾಳಿನಲ್ಲಿ ದೀಪಾವಳಿಗೂ ಯಾರಿಗೂ ಅಷ್ಟು ಶಾಸ್ತ್ರೋಕ್ತ ಅಭ್ಯಂಜನ ಆದದ್ದಿಲ್ಲ. ಪೆಟ್ಟಿಗೆಯಲ್ಲಿ ಹುಳ, ಮಣ್ಣು, ಕಡ್ಡಿ, ಎಲೆ ಯಾವುದೂ ಇರಕೂಡದು. ಸಿಕ್ಕಿದರೆ ಇಡೀ ಲೋಡು ಸುಡುತ್ತಾರೆ, ಶೆಡ್ಡಿನ ಪರವಾನಗಿಗೂ ಸಂಚಕಾರ. 'ಏನೂ ಇಲ್ಲ, ಕಣ್ಣಾರೆ ನೋಡಿದ್ದೇನೆ' ಎಂದು ಸಹಿ ಹಾಕಬೇಕಾದ ಮಹಾಪುರುಷ ನಾನು.

ಮೊದಲ ಲೋಡಿನ ದಿನ ಸ್ನಾನ ಮುಗಿಸಿ ಬಂದ ಹಣ್ಣನ್ನು ಕಾಕಾ ತಮ್ಮ ಕೈಯಾರೆ ಮೊದಲ ಪೆಟ್ಟಿಗೆಗೆ ಜೋಡಿಸಿದರು. ಆಮೇಲೆ ಜೇಬಿನಿಂದ ಒಂದು ಮಾವಿನೆಲೆ ತೆಗೆದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಣ್ಣುಗಳ ನಡುವೆ ಮೆಲ್ಲಗೆ ಸೇರಿಸಿದರು. ನಾನು ಎದುರಿಗೇ ನಿಂತಿದ್ದೆ.

"ಇದೆಂತ ಕಾಕಾ?"

"ಉಡಿ ತುಂಬಾಕತ್ತೀನ್ರೀ ಸಾಹೇಬ್ರ. ಮನಿ ಮಗಳು ದೂರ ಹೊಂಟಾಳ. ಬರೇ ಉಡೀಲೆ ಕಳಸೂದೇನು?"

"ದುಬೈಗೂ ಹೀಗೇ ಕಳಿಸ್ತಿದ್ರಾ?"

"ವರ್ಷಾ ಮೊದಲನೇ ಪೆಟ್ಟಿಗಿಗೆ ಒಂದು. ಯಾರರೆ ತಕರಾರು ತಗದಾರೇನ್ರೀ?"

ಯಾರೂ ತೆಗೆದಿರಲಿಲ್ಲ. ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆಯುತ್ತಿದ್ದ. ನಾನು ನಕ್ಕೆ. ಪೆಟ್ಟಿಗೆಗೆ ಸೀಲು ಬಿತ್ತು, ಕಾಗದಕ್ಕೆ ನನ್ನ ಸಹಿ ಬಿತ್ತು.

ಸಂಜೆ ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಕಾಗದದ ನಕಲನ್ನು ಸುಮ್ಮನೆ ತೆರೆದೆ. ಮೂರನೇ ಸಾಲಿನಲ್ಲಿ 'ಎಲೆ' ಎಂದಿತ್ತು. ಟೈಪು ಮಾಡಿದವನೂ ನಾನೇ. ಅಂಧೇರಿಯಲ್ಲಿ ಗಾಡಿ ಬದಲಿಸಿದೆ. ಮುಂದಿನ ಸ್ಟೇಷನ್ ವಿಲೆ ಪಾರ್ಲೆ. ನಮ್ಮ ಪೆಟ್ಟಿಗೆಗಳು ಅಲ್ಲೇ ವಿಮಾನ ನಿಲ್ದಾಣದ ಕಾರ್ಗೋ ಗೋದಾಮಿನಲ್ಲಿ ಮರುದಿನದ ಹಾರಾಟಕ್ಕೆ ಕಾದು ಕೂತಿದ್ದವು. ಇಳಿದು ಹೋಗಿ ಹೇಳಬಹುದಿತ್ತು. ಹೇಳಿದರೆ ಸೀಲು ಒಡೆಯಬೇಕು, ವಿಮಾನ ತಪ್ಪುತ್ತದೆ, ಸೇಠ್ ಕಾಕಾನನ್ನು ಬಿಡುವುದಿಲ್ಲ, ನನ್ನನ್ನೂ ಬಿಡುವುದಿಲ್ಲ. ಬಾಗಿಲ ಕಂಬ ಹಿಡಿದು ನಿಂತೆ. ತಲೆಯ ಮೇಲಿಂದ ಒಂದು ವಿಮಾನ ಇಳಿದು ಹೋಯಿತು. ಪಾರ್ಲೆಯಲ್ಲಿ ನಿಂತ ಗಾಡಿ ಹೊರಟಿತು. ನಾನು ಇಳಿದಿರಲಿಲ್ಲ.

ಮರುದಿನ ಕಾಕಾನಿಗೆ ಹೇಳಿದೆ.

"ಈಗ ತಗ್ಯಾಕ ಬರಾಂಗಿಲ್ರೀ?"

"ಇಲ್ಲ ಕಾಕಾ, ವಿಮಾನ ಹೋಗಿ ಆಯ್ತು."

"ಅವ್ರೂ ಮನಶ್ಯಾರ ಅದಾರಲ್ರೀ... ಒಂದು ಎಲಿಗೆ ಯಾಕ ಹೆದರ್ತಾರ?" ಎಂದರು. ಅವರೇ ಹೆದರಿದ್ದರು.

ನಾಲ್ಕು ದಿನ ಕಾದೆವು. ಕಂಪ್ಯೂಟರಿನಲ್ಲಿ ಮೇಲ್ ಬಂದ ಸದ್ದಾದಾಗಲೆಲ್ಲ ನಾನು ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಕಾಕಾ ಗಂಟೆಗೊಮ್ಮೆ ಬಂದು ನನ್ನ ಮೇಜಿನ ಬಳಿ ನಿಂತು, ಪರದೆಯ ಕಡೆ ನೋಡಿ ಹೋಗುತ್ತಿದ್ದರು. ಐದನೇ ದಿನ ಬೆಳಿಗ್ಗೆ ಫೋಟೋ ಬಂತು. ಬಿಳಿಯ ಹಾಳೆಯ ಮೇಲೆ ಎಲೆ, ಪಕ್ಕದಲ್ಲಿ ಅಳತೆಪಟ್ಟಿ. ಕೊಲೆಯಾದವನ ಫೋಟೋವನ್ನು ಪೊಲೀಸರು ತೆಗೆದ ಹಾಗೆ. ಎಲೆಯ ಮೇಲಿನ ಹಳದಿ ಮತ್ತು ಕೆಂಪು ಕಲೆಗಳು ಇದುವರೆಗೆ ಕಂಡಿರದ ಶಿಲೀಂಧ್ರ ಇರಬಹುದೆಂಬ ಶಂಕೆಯಿಂದ ಪ್ರಯೋಗಾಲಯಕ್ಕೆ ಕಳಿಸಿದ್ದಾರಂತೆ. ನಮ್ಮ ಅರಿಶಿನ ಕುಂಕುಮಕ್ಕೆ ಅಂಥ ವೈಜ್ಞಾನಿಕ ಮರ್ಯಾದೆ ಹಿಂದೆಂದೂ ಸಿಕ್ಕಿರಲಾರದು. ಇವತ್ತಾದರೆ ನಗಬಹುದು. ಅವತ್ತು ಕೊನೆಯ ಸಾಲು ಮಾತ್ರ ಕಾಣುತ್ತಿತ್ತು: ಲೋಡು ಸುಟ್ಟಾಗಿದೆ.

ಸೇಠ್ ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿದ. ಫೋಟೋ ಮೇಜಿನ ಮೇಲಿತ್ತು.

"ಪತ್ತಾ ಕಿಸ್ನೆ ಡಾಲಾ?" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಸೈನ್ ತೇರಾ ಹೈ. ತೂನೆ ದೇಖಾ ಥಾ?"

ಎಲೆ ಹಾಕಿದ್ದು ಯಾರು, ನೀನು ನೋಡಿದ್ದೆಯಾ... ಎರಡೇ ಪ್ರಶ್ನೆ. ಎರಡಕ್ಕೂ ಉತ್ತರ ನನ್ನ ಬಳಿ ಇತ್ತು.

"ನಹೀ ಸೇಠ್," ಎಂದೆ. "ನಾನು ನೋಡಲಿಲ್ಲ" ಎಂಬುದನ್ನು ಹಿಂದಿಯಲ್ಲಿ ಹೇಳುವುದು ಎಷ್ಟು ಸಲೀಸು.

ಕಾಕಾ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ವಿಜಯಪುರದ ಹಿಂದಿಯಲ್ಲಿ, "ಸಾಹೇಬ ಉಧರ್ ನಹೀ ಥೆ ಸೇಠ್. ಮೈ ಅಕೇಲಾಚ್ ಡಾಲಾ," ಎಂದರು. ಸಾಹೇಬರು ಅಲ್ಲಿರಲೇ ಇಲ್ಲ, ನಾನೊಬ್ಬನೇ ಹಾಕಿದೆ, ಎಂದು.

ಎರಡು ದಿನದಲ್ಲಿ ಖೋಲಿ ಖಾಲಿಯಾಯಿತು. ಸ್ಟೋವು, ಎರಡು ಟ್ರಂಕು, ಒಂದು ಹಾಸಿಗೆಯ ಸುರುಳಿ ರಿಕ್ಷಾದಲ್ಲಿ ಕೂತವು. ಕಾಕಾನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಕಾಕಾ ಗೇಟಿನ ತನಕ ಹೋದವರು ತಿರುಗಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಸಾಹೇಬ್ರ, ಒಮ್ಮೆ ಡಾಕ್ಟರಿಗೆ ಕಣ್ಣು ತೋರಿಸ್ಕೋರಿ."

ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ...

ಎಲ್ಲೋ ಕಟ್ಟುತ್ತಿರುವ ಬಿಲ್ಡಿಂಗಿಗೆ ವಾಚ್‌ಮನ್ ಆಗಿದ್ದಾರೆಂದು ಪ್ಯಾಕಿಂಗಿನ ಹೆಂಗಸೊಬ್ಬಳು ಹೇಳಿದಳು. ವಿಳಾಸ ಕೊಟ್ಟಳು. ನಾನು ಹೋಗಲಿಲ್ಲ, ಆ ಮುಖ ಎದುರಿಸುವ ಹೆದರಿಕೆ. ಎರಡು ಮಳೆಗಾಲ ಕಳೆದ ಮೇಲೆ ಅವಳೇ, ಕಾಕಾ ತೀರಿಕೊಂಡರೆಂದು ಹೇಳಿದಳು. ಆ ಹೆದರಿಕೆಗೆ ಇನ್ನು ಕಾರಣವೇ ಉಳಿಯಲಿಲ್ಲ. ಆದರೂ ಅದು ಹೋಗಿಲ್ಲ.

ಮೊನ್ನೆ ಪೆಟ್ಟಿಗೆಯ ಮುಂದೆ ನಾನು ಬಹಳ ಹೊತ್ತು ಕೂತಿರಬೇಕು. ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಎಂತ ಉಂಟು ಮಾರಾಯ್ರೆ ಅದ್ರಲ್ಲಿ? ಹಾಳಾದ ಹಣ್ಣಾ?"

"ಎಂತದೂ ಇಲ್ಲ," ಎಂದೆ. "ನಾನು ನೋಡ್ಲಿಲ್ಲ."

ಎಲೆ ಅಷ್ಟರಲ್ಲಿ ನನ್ನ ಅಂಗಿಯ ಜೇಬಿನಲ್ಲಿತ್ತು.