ಹಲಸಿನ ಮಯಣ ಹಚ್ಚಿದ ರೇಡಿಯೇಟರು

ಹೆಂಡತಿ ತೀರಿಹೋದ ಮೇಲೆ ನಾನು ಕಾರಿನ ಬಾನೆಟ್ ಎತ್ತಿದರೆ ಬೈಯುವವರಿಲ್ಲ. ಇವತ್ತು ಎತ್ತಿದಾಗ ಮೂಗಿಗೆ ಹೊಡೆದ ಬಿಸಿ ಹಬೆಗೆ ಅಪ್ಪನ ವಿಲಾಯತಿ ಕಾರು ನೆನಪಾಯಿತು. ಕಂಪೆನಿಯವರು ಆ ಮಾಡೆಲ್ ಮಾಡುದನ್ನೇ ನಿಲ್ಲಿಸಿದ್ದರು. ಪುತ್ತೂರಲ್ಲಿ ಸ್ಪೇರ್ ಪಾರ್ಟ್ ಸಿಗುತ್ತಿರಲಿಲ್ಲ. ಅಪ್ಪ ಜೀಪಿನ ಡೈನಮೋ ಕೂರಿಸಿ, ಸೀಟಿಗೆ ತೆಂಗಿನ ನಾರು ತುಂಬಿ ಓಡಿಸುತ್ತಿದ್ದರು. ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸುವ ಅಂಥವರಿಗೆ ಇಂಗ್ಲಿಷಿನಲ್ಲಿ ಒಂದು ಶಬ್ದ ಉಂಟು, ಕಾಲೇಜಿನಲ್ಲಿ ಕಲಿತದ್ದು, ಈಗ ಬಾಯಿಗೆ ಬರುದಿಲ್ಲ.

"ಗುಜರಿಗೆ ಕೊಡಿ ಭಾವ," ಎಂದು ಆಲಂಕಾರಿನ ಸೋದರಮಾವನದ್ದು ಒಂದೇ ರಾಗ. ಕೊನೆಗೆ ಪಂಥವಾಯಿತು. ನಮ್ಮನ್ನೆಲ್ಲ ಕೂರಿಸಿಕೊಂಡು ಮರ್ಕಂಜದ ಏರು ಹತ್ತಿದರೆ ಕಾರು ಮನೆಯಲ್ಲಿ, ಇಲ್ಲದಿದ್ದರೆ ಗುಜರಿಗೆ.

ಅರ್ಧ ಏರಿನಲ್ಲೇ ಹಬೆ ಎದ್ದಿತು. ಸೋರುವ ರೇಡಿಯೇಟರಿಗೆ ಅಪ್ಪ, ಕೊಡಪಾನದ ತೂತಿಗೆ ಹಚ್ಚುವ ಹಾಗೆ, ಹಲಸಿನ ಅಂಟು ಮಯಣ ಹಚ್ಚಿದ್ದರು.

"ಎಂತ ಮಾರಾಯ್ರೆ, ಮಯಣ ಬಿಸಿಗೆ ಕರಗುದಿಲ್ವಾ?" ಎಂದರು ಅಮ್ಮ.

ಬ್ರೇಕ್ ಬಿಟ್ಟರೆ ಕಾರು ಹಿಂದಕ್ಕೆ ಜಾರುತ್ತಿದ್ದದ್ದರಿಂದ ಅಪ್ಪ ಇಳಿಯುವ ಹಾಗಿರಲಿಲ್ಲ. "ಭಾವ, ನೀರು!" ಎಂದು ಮಾವನಿಗೆ ಕೂಗಿದರು.

ಮಾವ ಗೊಣಗುತ್ತಾ ಇಳಿದು, ತಲೆಯ ಮೇಲಿದ್ದ ಅಡಿಕೆ ಹಾಳೆಯ ಟೊಪ್ಪಿ ಮಗುಚಿ, ತೋಡಿನಿಂದ ನೀರು ತಂದು ಹೊಯ್ದರು. ಕಾರು ಹೊರಟಾಗ ಮಾವ ಒಳಗೆ ಹತ್ತಲೇ ಇಲ್ಲ. ಮತ್ತೆ ನೀರು ತುಂಬಿದ ಟೊಪ್ಪಿ ಹಿಡಿದು ಪಕ್ಕದಲ್ಲೇ ಓಡಿದರು. "ನಿಲ್ಲಿಸಬೇಡಿ ಭಾವ, ಬಿಡಿ, ಬಿಡಿ!"

ಏರಿನ ತುದಿಯ ಚಾದಂಗಡಿಯವ ನಕ್ಕ. "ಎಂತ ಧಣಿ, ಓಡಿಕೊಂಡು ಬಂದದ್ದಾ?"

"ನಮ್ಮ ಕಾರು ಸ್ವಲ್ಪ ಫಾಸ್ಟ್ ಮಾರಾಯ," ಎಂದರು ಮಾವ, ಏದುಸಿರು ಬಿಡುತ್ತಾ. ಆಮೇಲೆ ಗುಜರಿಯ ಸುದ್ದಿ ಅವರು ಎತ್ತಲೇ ಇಲ್ಲ.

ಈಗ ನನ್ನ ಅಳಿಯ, ಈ ಹಳೇ ಕಾರು ಕೊಟ್ಟು ಹೊಸತು ತೆಗೆಯಲು, ಎಕ್ಸ್‌ಚೇಂಜ್ ಎಕ್ಸ್‌ಚೇಂಜ್ ಎನ್ನುತ್ತಾನೆ. ಭಾನುವಾರ ಬರ್ತಾನೆ. ನಾನು ವಾದ ಮಾಡುದಿಲ್ಲ, ಕೈಗೊಂದು ಸ್ಪಾನರ್ ಕೊಡ್ತೇನೆ.