ಅರ್ಧ ಕೋರ್ಟು

ಪಾಂಡವಪುರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡಲು ಸೇರಿದ ವರ್ಷವೇ, ಬ್ಯಾಸ್ಕೆಟ್‌ಬಾಲ್ ಕೋಚ್ ಶಿವಣ್ಣನವರನ್ನು ಕೆಲಸದಿಂದ ತೆಗೆಯುವ ಮೀಟಿಂಗಿಗೆ ನನ್ನನ್ನೂ ಕರೆದರು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳಿಗೆ ಆ ಆಟ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಸ್ವಲ್ಪ ಗೊತ್ತಿತ್ತು ಕೂಡ.

"ನಾಗಮಂಗಲದೋರ ಕೈಲೂ ಸೋತ್ಕಂಡ್ ಬಂದವ್ರೆ. ಇವ್ರನ್ನ ಇಟ್ಕಂಡು ಏನ್ ಮಾಡದು?" ಅಂದರು ಕಾಲೇಜು ಸಮಿತಿಯ ಅಧ್ಯಕ್ಷರು. "ಮೇಡಮ್ಮು ಹೇಳ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟೀ ಲೋಟವನ್ನೇ ನೋಡುತ್ತಾ, "ನಮ್ಮ ಹುಡುಗರು ಪಾಸ್ ಚೆನ್ನಾಗಿ ಕೊಡ್ತಾರೆ ಸರ್. ಆದರೆ ಚೆಂಡನ್ನು ನೆಲಕ್ಕೆ ಪುಟಿಸೋದೇ ಇಲ್ಲ" ಅಂದೆ.

"ಯಾಕ್ರೀ ಶಿವಣ್ಣ, ಅಷ್ಟೂ ಕಲ್ಸಿಲ್ವಾ?"

"ಎಲ್ ಪುಟ್ಸನ ಸಾ? ಸುಗ್ಗಿ ಸುರುವಾದಾಗಿಂದ ಕೋರ್ಟ್ ತುಂಬ ರಾಗಿ ಒಣಗಾಕವ್ರೆ. ಹೈಕ್ಳು ಸುತ್ತ ನಿಂತ್ಕಂಡು ಮೇಲ್ಮೇಲೇ ಎಸ್ದಾಡ್ತಾವೆ."

"ಯಾವನ್ಲಾ ಅವ್ನು, ಕಾಲೇಜ್ ಕೋರ್ಟ್ನ ಕಣ ಮಾಡ್ಕಂಡಿರೋನು?" ಅಂದರು ಅಧ್ಯಕ್ಷರು.

ಶಿವಣ್ಣನವರು ಕೊರಳಿನ ವಿಷಲ್ ದಾರವನ್ನು ಬೆರಳಿಗೆ ಸುತ್ತತೊಡಗಿದರು. ಉಳಿದವರು ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದರು. ಮನುಷ್ಯನ ಕೆಲಸ ಹೋಗುವುದರಲ್ಲಿತ್ತು, ಹಾಗಾಗಿ ನಾನೇ ಹೇಳಿದೆ. "ನಿಮ್ಮದೇ ರಾಗಿ ಸರ್. ನಿಮ್ಮ ಟ್ರಾಕ್ಟರಿನಲ್ಲೇ ಬಂತು."

ಅಧ್ಯಕ್ಷರು ನಿಧಾನವಾಗಿ ಟೀ ಮುಗಿಸಿದರು. "ಇನ್ನೊಂದೊರ್ಸ ನೋಡನ ಬುಡಿ, ಪಾಪ" ಅಂದರು.

ಶಿವಣ್ಣನವರು ಉಳಿದರು. ಮಾರನೆಯ ದಿನವೇ ರಾಗಿ ಅರ್ಧ ಕೋರ್ಟಿಗೆ ಸರಿಯಿತು.

ಮುಂದಿನ ಪಂದ್ಯ ಕೆ.ಆರ್. ಪೇಟೆಯಲ್ಲಿ. ನಮ್ಮ ಹುಡುಗರು ಚೆಂಡನ್ನು ಸೊಗಸಾಗಿಯೇ ಪುಟಿಸಿಕೊಂಡು ಓಡಿದರು, ಮಧ್ಯದ ಗೆರೆಯ ತನಕ. ಅಲ್ಲಿ ಒಬ್ಬೊಬ್ಬರೂ ಗಕ್ಕನೆ ನಿಂತರು. ಆಚೆ ಕಡೆ ರಾಗಿ ಇಲ್ಲವೆಂದು ಅವರ ಕಾಲಿಗೆ ಯಾರೂ ಹೇಳಿರಲಿಲ್ಲ.